ಕಡಲಿಗಿಳಿದವೆಂದು ಬರೆದ ಮರಿಗಳು

ಹೋದ ಮಾರ್ಚ್ ತಿಂಗಳ ಒಂದು ಶನಿವಾರ ಮೇಘನಾ, ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ ಎಂಬ ಊರಿನ ನನ್ನ ಮನೆಗೆ ಬಂದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, "ಅಂಕಲ್, ಈ ಸೀಸನ್ನಿನ ಲಾಸ್ಟ್ ಕಾಲಂ ನೀವು ಕಣ್ಣಾರೆ ನೋಡಿ ಬರ್ದಿದ್ದಾ?" ಎಂದು ಕೇಳಿದಳು. ನಾನು ಹೌದು ಎಂದೆ. ಒಂದು ಕ್ಷಣವೂ ಯೋಚಿಸದೆ ಹೌದು ಎಂದದ್ದೇ ಆಮೇಲೆ ನನಗೆ ಅನುಮಾನ ತಂದಿತು.

ನಾನು ವೃತ್ತಿಯಿಂದ ಗೂಡು ಎಣಿಸುವವನು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ನ್ಯೂಜೆರ್ಸಿಯ ಒಂದು ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಮಾಡಲು ಬಂದು, ಅದೇ ಪ್ರಯೋಗಾಲಯದಲ್ಲಿ ಉಳಿದು, ಅಲ್ಲೇ ನಿವೃತ್ತನಾದೆ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ನ್ಯೂಆರ್ಕಿನಲ್ಲಿ ವಿಮಾನ ಹತ್ತಿ ಅರ್ಜೆಂಟೀನಾದ ದಕ್ಷಿಣ ಕರಾವಳಿಗೆ ಹೋಗುತ್ತಿದ್ದೆ. ಅಲ್ಲಿ ಕುರುಚಲು ಗಿಡಗಳ ಬುಡದಲ್ಲಿ, ಮಣ್ಣಿನ ಬಿಲಗಳಲ್ಲಿ ಪೆಂಗ್ವಿನ್‌ಗಳು ಗೂಡು ಕಟ್ಟುತ್ತವೆ. ಎಷ್ಟು ಗೂಡು, ಎಷ್ಟು ಮೊಟ್ಟೆ, ಎಷ್ಟು ಒಡೆದು ಮರಿಯಾದವು, ಕೊನೆಗೆ ಎಷ್ಟು ಮರಿ ಗರಿ ಬಲಿತು ಕಡಲಿಗಿಳಿದವು ಎಂದು ಬರೆದುಕೊಳ್ಳುವುದೇ ಕೆಲಸ. ಆ ಕೊನೆಯ ಸಂಗತಿಗೆ ಒಂದು ಕಾಲಂ ಇರುತ್ತದೆ. ಒಂದು ಜೋಡಿಯ ಒಂದು ವರ್ಷದ ಶ್ರಮವೆಲ್ಲ ಅಲ್ಲಿ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಸತ್ತಿತು, ಕಡಲಿಗಿಳಿಯಿತು, ಅಥವಾ ಗೊತ್ತಿಲ್ಲ.

ಮೇಘನಾ ಕೇಳಿದ ವರ್ಷ ನನ್ನ ವೃತ್ತಿಜೀವನದ ಒಳ್ಳೆಯ ವರ್ಷ. ಪ್ರವಾಸಿಗರು ನಡೆಯುವ ದಾರಿಯ ಪಕ್ಕದ ಗೂಡುಗಳಲ್ಲಿಯೂ ದೂರದ ಗೂಡುಗಳಷ್ಟೇ ಮರಿಗಳು ಉಳಿದವು ಎಂದು ಆ ವರ್ಷದ ಲೆಕ್ಕದ ಆಧಾರದ ಮೇಲೆ ನಾನೊಂದು ಪ್ರಬಂಧ ಬರೆದಿದ್ದೆ. ಹೆಚ್ಚು ಜನ ಓದಿದ ನನ್ನ ಪ್ರಬಂಧ ಅದೊಂದೇ. ಅದನ್ನೇ ತೋರಿಸಿ ಅಲ್ಲಿಯವರು ಈಗ ಆ ದಾರಿಯನ್ನು ಗೂಡುಗಳ ನಡುವೆ ಇನ್ನಷ್ಟು ಅಗಲ ಮಾಡಲು ಹೊರಟಿದ್ದಾರೆ. ನನ್ನ ಹಳೆಯ ಪ್ರಯೋಗಾಲಯದಲ್ಲಿ ಈಗ ಡಾಕ್ಟರೇಟ್ ಮಾಡುತ್ತಿರುವ ಮೇಘನಾ ಅಲ್ಲಿಯವರಿಗೆ ಅಭಿಪ್ರಾಯ ಬರೆದುಕೊಡಬೇಕು. ಅವಳ ಡಾಕ್ಟರೇಟ್ ಮಹಾಪ್ರಬಂಧದ ಒಂದು ಅಧ್ಯಾಯವೂ ಅದೇ ಲೆಕ್ಕದ ಮೇಲೆ ನಿಂತಿದೆ. ಆ ಕಾಲಂ ನಿಜವೋ ಅಲ್ಲವೋ ಎಂದು ಹೇಳಬಲ್ಲವನು ನಾನೊಬ್ಬನೇ.

ಹಕ್ಕಿ ಎಣಿಸುವ ಕೆಲಸಕ್ಕೆ ಹೊರಟ ಕೆಲವು ಹುಡುಗ ಹುಡುಗಿಯರು ಈಚೆಗೆ ಮೈಸೂರು, ಧಾರವಾಡಗಳಿಂದ ನನಗೆ ಮೇಲ್ ಬರೆಯುತ್ತಾರೆ. ಕೆಲಸ ಹೇಗಿರುತ್ತದೆ ಸರ್ ಎನ್ನುತ್ತಾರೆ. ಈ ಬರಹ ಅವರಿಗಾಗಿ. ನನ್ನ ನೆನಪನ್ನು ಪೂರ್ತಿ ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಮೊದಲ ವರ್ಷದ ತಪ್ಪಿನಿಂದ ಶುರುಮಾಡುತ್ತೇನೆ. ವೀಸಾದ ತೊಂದರೆಯಿಂದ ನಾನು ತಡವಾಗಿ ಅಲ್ಲಿಗೆ ಮುಟ್ಟಿದೆ. ಮೊಟ್ಟೆಯಿಟ್ಟು ಆಗಲೇ ಮೂರು ವಾರ ಕಳೆದಿತ್ತು. ಉತ್ಸಾಹದಿಂದ ಓಡಾಡಿ, ಮೊಟ್ಟೆಯಿದ್ದ ಗೂಡುಗಳಿಗೆಲ್ಲ ಸಂಖ್ಯೆ ಬರೆದ ಗೂಟ ಹೊಡೆದೆ. ಋತು ಮುಗಿದಾಗ ನನ್ನ ಗೂಡುಗಳು ಬೇರೆಲ್ಲರ ಗೂಡುಗಳಿಗಿಂತ ಚೆನ್ನಾಗಿ ಮರಿ ಮಾಡಿದ್ದವು. ಹೆಮ್ಮೆಯಿಂದ ಆ ಹಾಳೆಗಳನ್ನು ಮಾರ್ಗರೆಟ್ ಮುಂದಿಟ್ಟೆ. ಆಕೆ ನಮ್ಮ ಮುಖ್ಯಸ್ಥೆ, ಎತ್ತರದ ಹೆಂಗಸು, ಒಳಗೂ ಹೊರಗೂ ಒಂದೇ ರಬ್ಬರ್ ಬೂಟಿನಲ್ಲಿ ಓಡಾಡುತ್ತಿದ್ದಳು.

"ನೀನು ಬರುವ ಮೊದಲೇ ಮೊಟ್ಟೆ ಕಳಕೊಂಡ ಗೂಡುಗಳು ಎಲ್ಲಿ?" ಎಂದಳು.

"ಅವುಗಳಲ್ಲಿ ಮೊಟ್ಟೆ ಇರಲಿಲ್ಲ. ಅದಕ್ಕೇ ಗೂಟ ಹೊಡೆಯಲಿಲ್ಲ."

"ಹಾಗಾದರೆ ನೀನು ಆಸ್ಪತ್ರೆಯಿಂದ ನಡೆದು ಹೊರಗೆ ಬಂದವರನ್ನು ಮಾತ್ರ ಎಣಿಸಿ, ಇಲ್ಲಿ ಯಾರೂ ಸಾಯುವುದಿಲ್ಲ ಅಂತ ಬರೆದಿದ್ದೀಯ."

ಆ ಹಾಳೆಗಳನ್ನು ಅವಳು ಹರಿದು ಹಾಕಲಿಲ್ಲ, ಬೈಯಲೂ ಇಲ್ಲ. ಮರುವರ್ಷ ಹಕ್ಕಿಗಳು ಬರುವ ಮುಂಚೆಯೇ ನನ್ನನ್ನು ಕಳಿಸಿದಳು. ನೆಲದಲ್ಲಿ ಒಂದು ಕೋಲು ನೆಟ್ಟು, ಅದಕ್ಕೆ ಗೊತ್ತಾದ ಉದ್ದದ ಹಗ್ಗ ಕಟ್ಟಿ, ವೃತ್ತವಾಗಿ ಸುತ್ತಿ, ಒಳಗೆ ಬಿದ್ದ ಪ್ರತಿ ಬಿಲಕ್ಕೂ ಖಾಲಿಯಿರಲಿ ತುಂಬಿರಲಿ ಗೂಟ ಹೊಡೆಯಬೇಕು. ಆ ಖಾಲಿ ಬಿಲಗಳ ಮುಂದೆ ಗೂಟ ಹೊಡೆಯುವಾಗ ಎಂಥ ದಡ್ಡ ಕೆಲಸ ಅನಿಸುತ್ತಿತ್ತು. ಈಗಿನವರು ಡ್ರೋನ್ ಹಾರಿಸುತ್ತಾರೆ, ಹಕ್ಕಿಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇಡುತ್ತಾರೆ. ಆದರೂ ಖಾಲಿ ಬಿಲದ ಮುಂದೆ ಒಮ್ಮೆ ನಿಂತು ಗೂಟ ಹೊಡೆಯಿರಿ ಎಂದು ಹೇಳುತ್ತೇನೆ. ಯಾಕೆ ಎಂದು ವಿವರಿಸಲು ಬರುವುದಿಲ್ಲ.

ಹಕ್ಕಿಯ ವಿಷಯ ಎರಡು ಮಾತು. ದೂರದಿಂದ ಕೇಳಿದರೆ ಕತ್ತೆ ಅರಚಿದಂತೆ ಕೂಗುತ್ತದೆ. ಬಿಲದೊಳಗೆ ಕೈ ಹಾಕಿದರೆ ಕೊಕ್ಕಿನಿಂದ ಹಿಡಿದು ತಿರುವುತ್ತದೆ. ನನ್ನ ಎಡಗೈಯಲ್ಲಿ ಆ ಗುರುತುಗಳು ಇನ್ನೂ ಇವೆ. ಮೊದಲು ಗಂಡು ಬಂದು ಹಿಂದಿನ ವರ್ಷದ ಗೂಡನ್ನೇ ಹುಡುಕಿ ಕೂರುತ್ತದೆ, ಕೆಲವು ದಿನಗಳ ಮೇಲೆ ಹೆಣ್ಣು ಬರುತ್ತದೆ. ಕೆಲವೊಮ್ಮೆ ಬರುವುದಿಲ್ಲ. ಮೊಟ್ಟೆಯಿಟ್ಟ ಮೇಲೆ ಸರದಿಯ ಮೇಲೆ ಒಂದು ಕಾವು ಕೂತರೆ ಇನ್ನೊಂದು ವಾರಗಟ್ಟಲೆ ಕಡಲಿನಲ್ಲಿರುತ್ತದೆ. ಕೂತದ್ದು ಏನೂ ತಿನ್ನದೆ ಸೊರಗುತ್ತದೆ. ಕಡಲಿಗೆ ಹೋದದ್ದು ತಡಮಾಡಿದರೆ ಕೂತದ್ದು ಒಂದು ದಿನ ಮೊಟ್ಟೆ ಬಿಟ್ಟು ಎದ್ದುಹೋಗುತ್ತದೆ. ಮರಿಯ ಮೈಮೇಲೆ ಮೊದಲಿರುವ ತುಪ್ಪಳ ನೀರು ತಡೆಯುವುದಿಲ್ಲ, ಜೋರು ಮಳೆ ಬಂದರೆ ನೆನೆದು ಸಾಯುತ್ತದೆ. ಆದ್ದರಿಂದ ಜನವರಿ ಕೊನೆಯ ವಾರಗಳು ಮುಖ್ಯ. ಗರಿ ಬಲಿತರೆ ಉಳಿಯಿತು.

ಖಾಲಿ ಗೂಡು ಕಂಡರೆ ಮರಿ ಕಡಲಿಗಿಳಿದಿರಬಹುದು, ಇಲ್ಲವೇ ಯಾವುದಾದರೂ ನರಿಯ ಹೊಟ್ಟೆಯಲ್ಲಿರಬಹುದು. ಅದಕ್ಕೆ ಮಾರ್ಗರೆಟ್ ನಿಯಮ ಮಾಡಿದ್ದಳು. ಕೊನೆಯ ಬಾರಿ ನೋಡಿದಾಗ ಮರಿ ಗರಿ ಬಲಿತು ಸಾಕಷ್ಟು ತೂಗಿದ್ದರೆ ಮಾತ್ರ 'ಕಡಲಿಗಿಳಿಯಿತು' ಎಂದು ಬರೆಯಬೇಕು. ಇಲ್ಲದಿದ್ದರೆ 'ಗೊತ್ತಿಲ್ಲ'. ಈ 'ಗೊತ್ತಿಲ್ಲ' ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಓದಿದವನಲ್ಲವೇ.

ನಾನಿಲ್ಲದ ತಿಂಗಳುಗಳಲ್ಲಿ ಇಲ್ಲಿ ದಸರಾ, ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವ ಎಲ್ಲ ಮುಗಿದಿರುತ್ತಿತ್ತು. ಫೆಬ್ರವರಿಯಲ್ಲಿ ಯಾರದೋ ಮನೆಯ ಪಾಟ್‌ಲಕ್ ಊಟಕ್ಕೆ ಹೋದರೆ ಬಾಗಿಲಲ್ಲೇ ಶುರುವಾಗುತ್ತಿತ್ತು.

"ಬಂದ್ರು ನೋಡ್ರಪ್ಪ, ಪೆಂಗ್ವಿನ್ ಸಾಹೇಬ್ರು! ಏನ್ಸಾರ್, ಈ ಸಲ ಎಷ್ಟು ಬಾಣಂತನ ಮಾಡಿದ್ರಿ?"

"ಅಲ್ಲಾ ಸಾರ್, ನಮ್ ಟ್ಯಾಕ್ಸ್ ದುಡ್ಡಲ್ಲಿ ಪಕ್ಷಿ ಹನಿಮೂನ್ ನೋಡ್ಕೊಂಡ್ ಬರ್ತೀರಲ್ಲ, ಅಲ್ಲಿ ಕೆಲಸ ಖಾಲಿ ಇದ್ರೆ ಹೇಳಿ."

ನಾನೂ ನಗುತ್ತಿದ್ದೆ. ವಸುಧಾ ಮೊದಮೊದಲು ನಗುತ್ತಿದ್ದಳು, ಬಾಣಂತನದ ಮಾತು ಬಂದಾಗ ಎದ್ದು ಒಳಗೆ ಹೋಗುತ್ತಿದ್ದಳು. ಆಕೆ ನನ್ನ ಹೆಂಡತಿ, ಧಾರವಾಡದವಳು. ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಟ್ರಕ್ಕುಗಳ ನಡುವೆ ಡ್ರೈವ್ ಮಾಡಿ ಸಂಜೆ ಮನೆಗೆ ಬಂದು, ಹಿಮ ಬಿದ್ದರೆ ತಾನೇ ಶವೆಲ್ ಮಾಡಿ, ಒಬ್ಬಳೇ ಊಟ ಮಾಡಿ ಮಲಗುವುದು ಅವಳ ಅಕ್ಟೋಬರ್‌ನಿಂದ ಜನವರಿವರೆಗಿನ ಬದುಕು. ನಮಗೆ ಮಕ್ಕಳಾಗಲಿಲ್ಲ. ಆಮೇಲೆ ಅವಳಿಗೆ ಮ್ಯಾನ್‌ಹಟನ್ನಿನಲ್ಲಿ ಕೆಲಸ ಸಿಕ್ಕಿತು. ಕಮ್ಯೂಟ್ ಮಾಡುವುದು ಕಷ್ಟವೆಂದು ಫೋರ್ಟ್ ಲೀಯಲ್ಲಿ, ಮ್ಯಾನ್‌ಹಟನ್ನಿಗೆ ಹೋಗುವ ಸೇತುವೆ ಕಾಣುವ ಒಂದು ಎತ್ತರದ ಕಟ್ಟಡದಲ್ಲಿ ಸಣ್ಣ ಮನೆ ಹಿಡಿದಳು. ವಾರಕ್ಕೆ ಐದು ದಿನವೆಂದು ಹೋದವಳು ಏಳು ದಿನವೂ ಅಲ್ಲೇ ಉಳಿದಳು. ಜಗಳವಾಗಲಿಲ್ಲ. ಕಾಗದಪತ್ರದಲ್ಲಿ ಇಂದಿಗೂ ಗಂಡ ಹೆಂಡತಿಯೇ.

ಇನ್ನು ಮೇಘನಾ ಕೇಳಿದ ವರ್ಷ. ನನಗೆ ನೆನಪಿದ್ದುದು ಹೀಗೆ. ಆ ವರ್ಷ ಮೀನು ಚೆನ್ನಾಗಿ ಸಿಕ್ಕು ಮರಿಗಳು ದುಂಡಗಿದ್ದವು. ಜನವರಿ ಎರಡನೆಯ ವಾರ ವಸುಧಾಳಿಗೆ ಆಪರೇಷನ್ ಆಗಬೇಕೆಂದು ಸುದ್ದಿ ಬಂದು ನಾನು ಬೇಗ ಹೊರಟುಬಂದೆ. ಉಳಿದ ಗೂಡುಗಳನ್ನು ಅಲ್ಲಿಯ ಕಾವಲುಗಾರ ರಾಮೋನ್ ನೋಡಿಕೊಂಡ. ಒಂದು ದಿನ ನಾನು ಅಡುಗೆಮನೆಯಲ್ಲಿ ಕೂತಿದ್ದಾಗ ಅವನು ಫೋನ್ ಮಾಡಿ ಒಂದೊಂದೇ ಗೂಟದ ಸಂಖ್ಯೆ ಓದಿ ಹೇಳಿದ. ನಾನು ಬರೆದುಕೊಂಡೆ. ವಸುಧಾ ಚಹಾ ತಂದು ಪಕ್ಕದಲ್ಲಿಟ್ಟಳು. ಲೋಟದ ಬಿಸಿ ಹಾಳೆಗೆ ತಾಗದಂತೆ ನಾನು ಸರಿಸಿದ್ದೂ ನೆನಪಿದೆ. ಇಷ್ಟು ಸ್ಪಷ್ಟವಾಗಿ.

ಕಣ್ಣಾರೆ ನೋಡಿದ್ದೆ ಎಂದ ಮೊದಲ ಮಾತನ್ನು ತಿದ್ದಿ ಮೇಘನಾಗೆ ಇದನ್ನೇ ಹೇಳಿದೆ. ಅವಳ ತಂದೆತಾಯಿ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡದಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಾಳೆ.

"ಓಕೆ ಅಂಕಲ್. ಬಟ್ ಆ ಫೋನ್ ನೋಟ್ಸ್ ಎಲ್ಲಿ?"

"ಇರಬೇಕು, ಬೇಸ್‌ಮೆಂಟ್‌ನಲ್ಲಿ ಹುಡುಕಬೇಕು."

"ನೋಟ್‌ಬುಕ್ ಜನವರಿ ಮಧ್ಯಕ್ಕೇ ನಿಂತುಹೋಗಿದೆ. ಕಂಪ್ಯೂಟರ್‌ನಲ್ಲಿ ಮಾತ್ರ ಎಲ್ಲಾ ಮರಿಗಳೂ ಒಂದೇ ಡೇಟ್‌ಗೆ ಕಡಲಿಗೆ ಹೋಗಿವೆ. ಎಲ್ಲಾನೂ. ಅಂಡ್ ದೆರ್ ವಾಸ್ ರೇನ್. ಅಲ್ಲಿಯ ವೆದರ್ ಲಾಗ್ ನೋಡ್ದೆ. ನೀವು ಅಲ್ಲಿಂದ ಹೊರಟ್ಮೇಲೆ ಮೂರು ದಿನ ಕಂಟಿನ್ಯೂಸ್ ಮಳೆ."

"ರಾಮೋನ್ ಹೇಳಿದ್ದನ್ನು ಬರೆದೆ ಅಂದೆನಲ್ಲ."

"ಅವರನ್ನ ಕೇಳೋಣ ಅಂದ್ರೆ..."

ರಾಮೋನ್ ತೀರಿಕೊಂಡು ವರ್ಷಗಳಾದವು. ಮಾರ್ಗರೆಟ್ ಕೂಡ ಇಲ್ಲ. ಮೇಘನಾ ಲ್ಯಾಪ್‌ಟಾಪ್ ಮುಚ್ಚಿ, "ನೀವು ಶ್ಯೂರ್ ಅಂತ ಒಂದ್ ಲೈನ್ ಇಮೇಲ್ ಕೊಟ್ರೆ ಸಾಕು ಅಂಕಲ್. ನನ್ನ ಥೀಸಿಸ್ ಕಮಿಟಿಗೆ ಅಷ್ಟೇ ಬೇಕು," ಎಂದು ಹೋದಳು.

ಆ ಒಂದು ಸಾಲು ಬರೆಯುವುದು ಸುಲಭವಿತ್ತು. ಬೇಸ್‌ಮೆಂಟಿನಲ್ಲಿ ಮೂರು ದಿನ ಹುಡುಕಿದೆ. ಉಪ್ಪು ಹಿಡಿದ ನೋಟ್‌ಬುಕ್‌ಗಳು, ತುಕ್ಕು ಹಿಡಿದ ಬಿಲ್ಲೆಗಳು ಸಿಕ್ಕವು. ಹಿಂದೆ ನಾವು ಗುರುತಿಗೆಂದು ಹಕ್ಕಿಗಳ ರೆಕ್ಕೆಗೆ ತೊಡಿಸುತ್ತಿದ್ದ ಬಿಲ್ಲೆಗಳು ಅವು, ಈಜಲು ತೊಂದರೆ ಕೊಡಬಹುದೆಂದು ಆಮೇಲೆ ಬಿಟ್ಟೆವು. ಎಷ್ಟು ಹಕ್ಕಿಗಳಿಗೆ ತೊಡಿಸಿದ್ದೆನೋ. ಫೋನಿನ ಟಿಪ್ಪಣಿ ಸಿಗಲಿಲ್ಲ. ಮರುವರ್ಷದ ನೋಟ್‌ಬುಕ್ಕಿನ ಹಿಂಬದಿಯಲ್ಲಿ, ನನ್ನದೇ ಅಕ್ಷರದಲ್ಲಿ, 'ರಾಮೋನ್ ಫೋನ್, ಮಂಗಳವಾರ' ಎಂದು ಬರೆದಿತ್ತು. ಅದರ ಕೆಳಗೆ ಗೂಟದ ಸಂಖ್ಯೆಗಳಿದ್ದವು. ಮರುವರ್ಷದವು. ಫೋನ್ ಬಂದದ್ದು ನಿಜ. ಆದರೆ ಒಂದೇ ಸಲ ಬಂದಿತ್ತೋ, ಎರಡು ಸಲವೋ?

ಅದನ್ನು ಕೇಳಬಹುದಾದವರು ಒಬ್ಬರೇ ಉಳಿದಿದ್ದರು. ಭಾನುವಾರ ಫೋರ್ಟ್ ಲೀಗೆ ಡ್ರೈವ್ ಮಾಡಿಕೊಂಡು ಹೋದೆ. ಹೋಗಿ ಎಂಟು ತಿಂಗಳಾಗಿತ್ತು. ವಸುಧಾ ಬಾಗಿಲು ತೆಗೆದು ನನ್ನನ್ನೂ ನನ್ನ ಕೈಯ ನೋಟ್‌ಬುಕ್ಕನ್ನೂ ನೋಡಿದಳು.

"ಬರ್ರಿ. ಕೈಯಾಗ ಏನದು, ಮತ್ತ ಪೆಂಗ್ವಿನ್ನಾ?"

"ಒಂದು ವಿಷಯ ಕೇಳಬೇಕಿತ್ತು."

"ಅದಕ್ಕ ಬಂದೀರಿ ಅಂತ ಗೊತ್ತಾತು. ಕೂಡ್ರಿ."

ಉಪ್ಪಿಟ್ಟು ಬಡಿಸಿ ಎದುರು ಕೂತಳು. ಕಿಟಕಿಯಾಚೆ ಸೇತುವೆಯ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ನಾನು ಎಲ್ಲವನ್ನೂ ಹೇಳಿದೆ: ಮೇಘನಾಳ ಪ್ರಶ್ನೆ, ಅಗಲವಾಗಲಿರುವ ದಾರಿ, ರಾಮೋನನ ಫೋನು, ನಾನು ಬರೆದುಕೊಂಡದ್ದು, ಅವಳು ಚಹಾ ತಂದಿಟ್ಟದ್ದು.

ಅವಳು ಚಮಚ ಕೆಳಗಿಟ್ಟಳು.

"ಚಹಾ ಯಾರು ತಂದ್ರು?"

"ನೀನು."

"ನಾನಾ?" ಎಂದಳು. "ಅಲ್ರಿ, ಆ ವರ್ಷ ನನಗ ಏನು ಆಪರೇಷನ್ ಆತು, ನೆನಪೈತಿ?"

ನೆನಪಿತ್ತು. ಗರ್ಭಕೋಶ ತೆಗೆದಿದ್ದರು.

"ಹೊಟ್ಟಿ ತುಂಬ ಹೊಲಿಗಿ. ಎರಡು ವಾರ ನಾ ಎದ್ದು ನಿಂತಿದ್ದಿಲ್ಲ. ಬಾತ್‌ರೂಮಿಗೆ ಹೋಗಬೇಕಂದ್ರ ಪಕ್ಕದ ಮನಿ ಪದ್ಮಕ್ಕ ಬಂದು ಹಿಡಕೊಂಡು ಹೋಗ್ತಿದ್ಲು. ಗಂಜಿ ಅಕಿ ತರ್ತಿದ್ಲು. ನೀವು ಬೇಸ್‌ಮೆಂಟ್‌ನ್ಯಾಗ ಟೈಪ್ ಮಾಡ್ತಿದ್ರಿ. ಟಕ್ ಟಕ್ ಅಂತ ಕೇಳ್ತಿತ್ತು ನನಗ."

"ಆಮೇಲೆ ಇರಬಹುದು. ನೀನು ಎದ್ದ ಮೇಲೆ."

"ನಾ ಏಳೂದ್ರಾಗ ನೀವು ಹಾಳಿ ಎಲ್ಲಾ ಕೊಟ್ಟು ಮುಗಿಸಿದ್ರಿ. 'ಭಾಳ ಚಲೋ ವರ್ಷ ವಸುಧಾ, ಎಲ್ಲಾ ಮರಿ ಉಳದಾವ' ಅಂತ ನನ್ನ ಮಂಚದ ಹತ್ರ ನಿಂತು ಹೇಳಿದ್ರಿ. ಆ ಮಾತು ನಾ ಮರೀತೀನೇನ್ರಿ?" ಚಮಚವನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದಳು. "ಮತ್ತ ಫೋನ್ ಅಡಗಿ ಮನ್ಯಾಗ ಇದ್ದಿಲ್ಲ. ತಂತಿ ಎಳಕೊಂಡು ನನ್ನ ಹಾಸಗಿ ಹತ್ರ ಇಟ್ಟಿದ್ರಿ. ಆ ಎರಡು ವಾರ ಬಂದ ಪ್ರತಿ ಫೋನ್ ಎತ್ತಿದಾಕಿ ನಾನು. ನಿಮ್ಮ ರಾಮೋನ್ ಮಾಡಿಲ್ಲ."

ಉಪ್ಪಿಟ್ಟು ಆರಿತ್ತು. ನನ್ನ ನೆನಪಿನಲ್ಲಿ ಚಹಾ ತಂದಿಟ್ಟ ವಸುಧಾ ಮರುವರ್ಷದವಳು, ಓಡಾಡುತ್ತಿದ್ದವಳು. ಅವಳನ್ನು ಎತ್ತಿ ಹಿಂದಿನ ವರ್ಷಕ್ಕೆ ಇಟ್ಟಿದ್ದೆ. ಅವಳು ಹಾಸಿಗೆಯಲ್ಲಿದ್ದ ಆ ಎರಡು ವಾರದ ಯಾವ ಚಿತ್ರವೂ ನನ್ನಲ್ಲಿಲ್ಲ. ಮೇಲೆ ಮಲಗಿದ್ದವಳ ಮುಖ ಹೇಗಿತ್ತೆಂದು ಈಗಲೂ ಪ್ರಯತ್ನಪಟ್ಟರೂ ಬರುವುದಿಲ್ಲ, ಗೂಟಗಳ ಸಂಖ್ಯೆಗಳು ಬರುತ್ತವೆ.

ನಾನು ಸುಳ್ಳು ಬರೆದೆನೇ? ತಿಳಿದೂ ತಿಳಿದೂ ಬರೆಯಲಿಲ್ಲ ಎಂದು ನಂಬಿದ್ದೇನೆ, ಆದರೆ ಹಾಗೆ ನಂಬುವವನೂ ನಾನೇ. ಬಹುಶಃ ನಡೆದದ್ದು ಇಷ್ಟು. ಮರಿಗಳು ದುಂಡಗಿದ್ದವು, ಇನ್ನೆರಡು ವಾರ ಸಾಕಾಗಿತ್ತು. ಮಾರ್ಗರೆಟ್ ಹಾಳೆ ಕೇಳುತ್ತಿದ್ದಳು. ನಾನು ಆಗಬೇಕಾಗಿದ್ದುದನ್ನು ಆಯಿತು ಎಂದು ಟೈಪ್ ಮಾಡಿದೆ. ಮರುವರ್ಷ ನಿಜವಾಗಿ ಬಂದ ಫೋನು ಮೆಲ್ಲಗೆ ಹಿಂದಕ್ಕೆ ಸರಿದು ಆ ಟೈಪಿಗೆ ಆಧಾರವಾಗಿ ಕೂತಿತು. ವರ್ಷಗಟ್ಟಲೆ ಜನರ ಮುಂದೆ ನಿಂತು ಆ ಫೋನಿನ ಕಥೆ ಹೇಳಿದ್ದೇನೆ. ಹೇಳಿದಷ್ಟೂ ಅದು ಗಟ್ಟಿಯಾಯಿತು.

"ಈಗೇನು ಮಾಡ್ತೀರಿ?" ಎಂದು ವಸುಧಾ ಕೇಳಿದಳು.

"ಗೊತ್ತಿಲ್ಲ."

"ಆ ಹುಡಿಗೀಗೆ ಸುಳ್ಳು ಹೇಳಬ್ಯಾಡ್ರಿ ಮತ್ತ." ಹೊರಡುವಾಗ ಬಾಗಿಲ ತನಕ ಬಂದಳು. ಲಿಫ್ಟ್ ಬರುವ ತನಕ ನಿಂತಿದ್ದಳು.

ಮರುದಿನ ಪ್ರಯೋಗಾಲಯಕ್ಕೆ ಹೋದೆ. ನನ್ನ ಹಳೆಯ ಕೋಣೆ ಈಗ ಫ್ರೀಜರ್‌ಗಳ ಜಾಗ. ಮೇಘನಾ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಫೋನ್ ಬರಲಿಲ್ಲ, ಯಾರೂ ನೋಡಲಿಲ್ಲ, ಆ ಕಾಲಂ ನನ್ನ ಊಹೆ ಎಂದು ಹೇಳಿದೆ.

"ಸೋ ಆ ವರ್ಷ ತೆಗೆದ್ರೆ ನನ್ನ ಚಾಪ್ಟರ್ ಬಿತ್ತು."

"ಬಿತ್ತು."

"ನಿಮ್ಮ ಪೇಪರ್ ಕೂಡ."

"ಅದು ಮೊದಲು. ತಿದ್ದುಪಡಿಯ ಪತ್ರ ನಾನೇ ಬರೀತೀನಿ, ಇವತ್ತೇ. ದಾರಿಯ ಪಕ್ಕದ ಗೂಡುಗಳ ವಿಷಯ ನಮಗೆ ಏನೂ ಗೊತ್ತಿಲ್ಲ ಅಂತ ಅಲ್ಲಿಯವರಿಗೂ ಬರೀತೀನಿ."

"ದೇ ವಿಲ್ ಬಿ ಸೋ ಮ್ಯಾಡ್." ಆಮೇಲೆ ಸಣ್ಣಗೆ, "ಐ ಆಮ್ ಅ ಲಿಟ್ಲ್ ಮ್ಯಾಡ್ ಟೂ, ಅಂಕಲ್," ಎಂದಳು. ಹಾಗೆ ಹೇಳಿದ್ದಕ್ಕೆ ನನಗೆ ಅವಳ ಮೇಲೆ ಗೌರವ ಹುಟ್ಟಿತು.

ಒಂದೇ ಗುಂಡಿ ಒತ್ತಿ ಇಡೀ ಕಾಲಂ ಬದಲಿಸಬಹುದಿತ್ತು. ನಾನು ಬೇಡವೆಂದೆ. ಒಂದೊಂದೇ ಗೂಟ ಓದುತ್ತ ಹೋದೆ, ಅವಳು 'ಕಡಲಿಗಿಳಿಯಿತು' ಅಳಿಸಿ 'ಗೊತ್ತಿಲ್ಲ' ಎಂದು ಹಾಕುತ್ತ ಹೋದಳು. ಹನ್ನೊಂದನೆಯ ಗೂಟದಲ್ಲಿ ಎರಡು ಮರಿಗಳಿದ್ದವು, ಒಂದಕ್ಕೆ ಕಾಲು ಸೊಟ್ಟ. ಇಪ್ಪತ್ತಾರರ ಗಂಡು ನನ್ನ ಬೂಟಿನ ಲೇಸು ಎಳೆದಿತ್ತು. ಇಪ್ಪತ್ತಾರೋ ಇಪ್ಪತ್ತೇಳೋ. ಅವು ಮೂರು ದಿನದ ಆ ಮಳೆಯಲ್ಲಿ ಏನಾದವೋ. ಮಧ್ಯಾಹ್ನದ ಹೊತ್ತಿಗೆ ಕಾಲಂ ಪೂರ್ತಿ ಮುಗಿಯಿತು.

"ಅಂಕಲ್, 'ಗೊತ್ತಿಲ್ಲ' ಅಂತ ಹಾಕಿದ್ರೆ ರೀಸನ್ ಕೇಳತ್ತೆ," ಎಂದು ಮೇಘನಾ ಪರದೆಯತ್ತ ತೋರಿಸಿದಳು. "ಲಿಸ್ಟ್‌ನಲ್ಲಿ ಇರೋದು ಹವಾಮಾನ, ಗೂಟ ಕಳೆದುಹೋಗಿದೆ, ಜಾಗಕ್ಕೆ ಹೋಗಲಾಗಲಿಲ್ಲ. ಯಾವ್ದು?"

"ಯಾವುದೂ ಅಲ್ಲ. ಹೆಂಡತಿಯ ಆಪರೇಷನ್ ಅಂತ ಹಾಕು."

"ಅದು ಲಿಸ್ಟ್‌ನಲ್ಲಿ ಇಲ್ಲ ಅಂಕಲ್."

"ಸೇರಿಸು," ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಪಟ್ಟಿಯ ಕೊನೆಯಲ್ಲಿ ಒಂದು ಹೊಸ ಸಾಲು ತೆರೆದು ಟೈಪ್ ಮಾಡತೊಡಗಿದಳು.